ಸರಮೆಯೊಡನೆ ಮುಧೋಳದವರೆಗೆ

ಹಿಂದಿನವರು ಪ್ರಯಾಣಕ್ಕೆ ಹೊರಡುವಾಗ ತಿಥಿ, ವಾರ, ದಿಕ್ಕುಗಳನ್ನು ನೋಡುತ್ತಿದ್ದರು. ನಮ್ಮ ಮನೆಯಲ್ಲಿ ಈಗ ನೋಡತಕ್ಕವು ಬೇರೆ: ಮಗನಿಗೆ ಗಣಿಯಲ್ಲಿ ಯಾವ ಪಾಳಿ, ಮೊಮ್ಮಗಳಿಗೆ ಪರೀಕ್ಷೆ ಯಾವಾಗ, ಮೊಮ್ಮಗನ ಮುನಿಸು ಇಳಿದಿದೆಯೋ ಇಲ್ಲವೋ, ನಾಯಿಗಳು ಉಂಡು ಎಷ್ಟು ಹೊತ್ತಾಯಿತು. ಈ ನಾಲ್ಕೂ ಕೂಡಿಬರುವ ದಿನವು ಯಾವ ಪಂಚಾಂಗದಲ್ಲಿಯೂ ಸಿಕ್ಕುವುದಿಲ್ಲ. ಕಳೆದ ಮಾರ್ಗಶಿರದಲ್ಲಿ ಅಂಥದೊಂದು ಆದಿತ್ಯವಾರ ದೈವವಶಾತ್ ದೊರೆಯಿತು. ಆ ದಿನ ನಾವು ಹಟ್ಟಿಯಿಂದ ಮುಧೋಳಕ್ಕೆ ಹೋಗಿ ಬಂದ ಸಂಗತಿಯನ್ನು ವಾಚಕರ ಮುಂದೆ ಇಡುತ್ತಿದ್ದೇವೆ. ಅದರಲ್ಲಿ ನಮಗೆ ಹೆಮ್ಮೆ ತರತಕ್ಕ ಭಾಗವು ಬಹಳ ಸ್ವಲ್ಪವೆಂಬುದನ್ನು ಮೊದಲೇ ಹೇಳಿಬಿಡುವುದು ಲೇಸು.

ನಮ್ಮ ಊರು ಹೊರಗಿನವರಿಗೆ ಚಿನ್ನದ ಗಣಿಯಿಂದ ಪರಿಚಿತವಾದದ್ದು. 1947ರಲ್ಲಿ ಹೈದರಾಬಾದು ಸಂಸ್ಥಾನದ ಹೆಸರಿನಲ್ಲಿ ಸ್ಥಾಪಿತವಾದ ಕಂಪನಿಯು ರಾಜ್ಯ ಪುನರ್ವಿಂಗಡಣೆಯಾದ 1956ರಲ್ಲಿ ಹಟ್ಟಿಯ ಹೆಸರನ್ನು ತಾಳಿತು. ಆದರೆ ಹಟ್ಟಿಯೆಂಬ ಶಬ್ದಕ್ಕೆ ಚಿನ್ನದ ಸೋಂಕೇನೂ ಇಲ್ಲ. ದನಕುರಿಗಳನ್ನು ಕೂಡುವ ದೊಡ್ಡಿ, ಅದರ ಸುತ್ತ ನಿಂತ ನಾಲ್ಕು ಗುಡಿಸಲು, ಇದೇ ಅದರ ಅರ್ಥ. ಕುರಿಯಿದ್ದಲ್ಲಿ ನಾಯಿ ಇರುವುದು ಸಹಜವೇ. ನಮ್ಮ ಮನೆಯಲ್ಲಿ ಕುರಿಯಿಲ್ಲ, ನಾಯಿಗಳು ಮಾತ್ರ ಎರಡು ಇವೆ.

ಒಂದು ಕರಿಯ. ಯಾರ ಮನೆಯದೂ ಅಲ್ಲದೆ ಓಣಿಯಲ್ಲಿ ಬೆಳೆದು, ಒಂದು ಮಳೆಗಾಲದ ರಾತ್ರಿ ನಮ್ಮ ಕಟ್ಟೆಯೇರಿ ಮಲಗಿ, ಮರುದಿನದಿಂದ ಮನೆಯ ಯಜಮಾನಿಕೆ ತನ್ನದೆಂಬಂತೆ ನಡೆದುಕೊಂಡದ್ದು. ಎರಡನೆಯದು ಮುಧೋಳದ ತಳಿಯ ಬೇಟೆನಾಯಿ. ಮೂರು ವರ್ಷಗಳ ಹಿಂದೆ ಮಗನು ಮುಧೋಳದ ಹತ್ತಿರದ ಒಬ್ಬ ಕುರಿಗಾರನಿಂದ ಮರಿಯಾಗಿದ್ದಾಗ ತಂದದ್ದು. ಉದ್ದ ಮೂತಿ, ಬೆನ್ನಿಗಂಟಿದ ಹೊಟ್ಟೆ, ನಿಂತರೆ ಬಿಲ್ಲು, ಓಡಿದರೆ ಬಾಣ. ಮುಧೋಳದ ಅರಸರು ಈ ತಳಿಯ ಜೋಡಿಯೊಂದನ್ನು ಇಂಗ್ಲೆಂಡಿನ ಐದನೆಯ ಜಾರ್ಜ್ ದೊರೆಗೆ ಕಾಣಿಕೆ ಕೊಟ್ಟಿದ್ದರು. 2005ರಲ್ಲಿ ನಮ್ಮ ಅಂಚೆಯ ಇಲಾಖೆಯು ಇದರ ಚಿತ್ರವನ್ನು ಅಂಚೆಚೀಟಿಯ ಮೇಲೆ ಅಚ್ಚು ಹಾಕಿಸಿತು. ಹೆಸರಿಡುವ ಭಾಗ್ಯ ನಮ್ಮ ಪಾಲಿಗೆ ಬಂದುದರಿಂದ ಸರಮೆಯೆಂದು ಇಟ್ಟೆವು. ಋಗ್ವೇದದ ಹತ್ತನೆಯ ಮಂಡಲದಲ್ಲಿ ಬರುವ ದೇವಶುನಿ ಅವಳು. ಪಣಿಗಳು ಬಚ್ಚಿಟ್ಟ ಗೋವುಗಳನ್ನು ಹುಡುಕಲು ಇಂದ್ರನು ಕಳುಹಿಸಿದಾಗ, ನಮ್ಮಲ್ಲಿಯೇ ತಂಗಿಯಾಗಿ ಉಳಿದುಬಿಡು, ಗೋವುಗಳಲ್ಲಿ ಪಾಲು ಕೊಡುತ್ತೇವೆ ಎಂದು ಪಣಿಗಳು ಎಷ್ಟು ಪುಸಲಾಯಿಸಿದರೂ ಒಪ್ಪದವಳು. ಮಕ್ಕಳು ಈ ಹೆಸರನ್ನು ಎರಡೇ ದಿನಗಳಲ್ಲಿ ‘ಸರೂ’ ಎಂದು ಸವೆಯಿಸಿದರು.

ಕಷ್ಟ ಬಂದದ್ದು ಅವಳ ಓಟದಿಂದ. ಈ ತಳಿಯದು ಮೂಗಿನ ಬೇಟೆಯಲ್ಲ, ಕಣ್ಣಿನ ಬೇಟೆ. ದೂರದಲ್ಲಿ ಏನಾದರೂ ಓಡಿತೆಂದರೆ ಕಿವಿಗೆ ಕರೆ ಕೇಳಿಸದು. ಕಾರ್ತಿಕದಲ್ಲಿ ಒಂದು ದಿನ ಬಾಗಿಲು ತೆರೆದಿದ್ದ ಹೊತ್ತಿನಲ್ಲಿ ಹೊರಬಿದ್ದು ಹಿಂದಿನ ಓಣಿಯವರ ಆಡಿನ ಮರಿಯನ್ನು ಕೊಂದಳು. ಅದರ ಬೆಲೆ ತೆತ್ತೆವು, ಕೈ ಮುಗಿದೆವು. ಆದರೂ ಅವರು, ಇನ್ನೊಮ್ಮೆ ಕಂಡರೆ ಅನ್ನದಲ್ಲಿ ವಿಷ ಇಡುತ್ತೇವೆ ಎಂದರು. ಅವರ ಸಿಟ್ಟು ಅನ್ಯಾಯದ್ದೆಂದು ನಾವು ಹೇಳಲಾರೆವು. ಆ ರಾತ್ರಿ ಮಗನೂ ಸೊಸೆಯೂ ನಾವೂ ಕುಳಿತು, ಅವಳನ್ನು ಮೊದಲಿನ ಕುರಿಗಾರನಿಗೇ ಒಪ್ಪಿಸಿ ಬರುವುದೆಂದು ನಿಶ್ಚಯಿಸಿದೆವು. ಹದಿಮೂರರ ಮೊಮ್ಮಗನಿಗೆ ತಿಳಿಸಿದರೆ ರಂಪವಾದೀತು; ಆದಕಾರಣ ಮಕ್ಕಳಿಗೆ ಪ್ರವಾಸವೆಂದು ಹೇಳುವುದು, ಅಲ್ಲಿಗೆ ಹೋದ ಮೇಲೆ ಸಮಾಧಾನ ಮಾಡುವುದು. ಈ ಉಪಾಯ ಸೂಚಿಸಿದವರು, ಮೂವತ್ತು ವರ್ಷಗಳಿಗೂ ಮೇಲ್ಪಟ್ಟು ಶಾಲೆಯಲ್ಲಿ ಸತ್ಯವನ್ನು ಕುರಿತ ಸುಭಾಷಿತಗಳನ್ನು ಬಾಯಿಪಾಠ ಮಾಡಿಸಿದ ನಾವೇ. ನಮ್ಮ ಮನೆಯವರು ಒಂದು ಮಾತನ್ನೂ ಆಡಲಿಲ್ಲ. ಹೊರಡುವ ದಿನ, “ನಾ ಬರಂಗಿಲ್ಲ, ಮನ್ಯಾಗ ಕೆಲಸ ಅದ” ಎಂದು ಒಳಗೆ ಹೋದರು.

ಮಕ್ಕಳಿಗೆ ಸಂಭ್ರಮವೋ ಸಂಭ್ರಮ. ಜಲದುರ್ಗವನ್ನೂ, ಚಿನ್ನ ಹುಡುಕಲು ಬಂದ ಎಂಜಿನಿಯರನಿಗೆ 1915ರಲ್ಲಿ ಅಶೋಕನ ಹೆಸರು ಸಿಕ್ಕ ಮಸ್ಕಿಯ ಶಾಸನವನ್ನೂ ಅವರು ಎಷ್ಟೋ ಸಲ ನೋಡಿ ಬೇಸತ್ತಿದ್ದರು. ಮುಧೋಳವೆಂದರೆ ಹೊಸ ದಾರಿ. ರನ್ನ ಕವಿ ಹುಟ್ಟಿದ ಊರೆಂದು ನಾವು ಹೇಳಿದ್ದು ಅವರ ಕಿವಿಗೆ ಬಿದ್ದಂತೆ ಕಾಣಲಿಲ್ಲ. ಹತ್ತಿರದ ತಿಮ್ಮಾಪುರದಲ್ಲಿ ಈ ನಾಯಿಗಳಿಗಾಗಿಯೇ ಒಂದು ಸಂಶೋಧನಾ ಕೇಂದ್ರವಿದೆಯೆಂದದ್ದು ಚೆನ್ನಾಗಿ ಬಿತ್ತು.

ನಾಯಿಗಳೊಡನೆ ಮೋಟಾರಿನಲ್ಲಿ ಹೋಗತಕ್ಕವರಿಗೆ ಉಪಯೋಗವಾದೀತೆಂದು ಒಂದೆರಡು ಮಾತು. ಹೊರಡುವುದಕ್ಕೆ ಮೂರು ಗಂಟೆ ಮೊದಲಿನಿಂದ ಊಟ ಕೂಡದು, ತುಂಬಿದ ಹೊಟ್ಟೆ ತಿರುವುಗಳಲ್ಲಿ ಕದಡುವುದು. ನೀರು ಮಾತ್ರ ಬೇಡಿದಾಗಲೆಲ್ಲ ಕೊಡಬೇಕು. ಕರಿಯನಿಗೆ ಹಿಂದಿನ ಸಂಜೆ ಯಾರೋ ರೊಟ್ಟಿಯ ಮೇಲೆ ರೊಟ್ಟಿ ಹಾಕಿದ್ದರಿಂದ ಲಿಂಗಸುಗೂರು ದಾಟುವ ಮೊದಲೇ ಈ ನಿಯಮದ ಸತ್ಯವು ನಮ್ಮ ಪಂಚೆಯ ಮೇಲೆ ಪ್ರತ್ಯಕ್ಷವಾಯಿತು. ಬಾಗಿಲು ತೆರೆಯುವ ಮುಂಚೆ ಹಗ್ಗ ಕೈಯಲ್ಲಿರಬೇಕು. ಬಿಸಿಲಿನಲ್ಲಿ ನಿಲ್ಲಿಸಿದ ಮೋಟಾರಿನೊಳಗೆ ಕಿಟಕಿ ಮುಚ್ಚಿ ನಾಯಿಯನ್ನು ಬಿಟ್ಟು ಹೋಗುವುದು ಕೊಂದಂತೆಯೇ. ಸ್ವಲ್ಪ ಹೊತ್ತಿನಲ್ಲಿಯೇ ಒಳಗೆ ಒಲೆಯಾಗುವುದು. ಹದಿಹರೆಯದ ಮಕ್ಕಳ ವಿಷಯದಲ್ಲಿ ನಿಯಮಗಳಾವುವೂ ನಮಗೆ ತಿಳಿದಿಲ್ಲ. ಇಬ್ಬರೂ ಕಿವಿಗೆ ತಂತಿ ಸಿಕ್ಕಿಸಿಕೊಂಡು ಮುದಗಲ್ಲಿನ ಕೋಟೆಯನ್ನು ಕಣ್ಣೆತ್ತಿ ನೋಡದೆ ದಾಟಿದರು. ವಿಜಯನಗರದವರೂ ಬಹಮನಿಯವರೂ ಈ ಕೋಟೆಗಾಗಿ ಮತ್ತೆ ಮತ್ತೆ ಕಾದಿದ್ದರು. ಅದನ್ನು ಹೇಳಲು ನಾವು ಬಾಯಿ ತೆರೆದೆವು, ಮುಚ್ಚಿದೆವು.

ಇಳಕಲ್ಲು, ಹುನಗುಂದ ಕಳೆದು ಅಮೀನಗಡದಲ್ಲಿ ಕರದಂಟು ಕೊಂಡ ಮೇಲೆ ಮೋಟಾರಿನಲ್ಲಿ ಮಾತು ಹುಟ್ಟಿತು. ಮೊಮ್ಮಗಳು ತನ್ನ ಮೊಬೈಲಿನಲ್ಲಿ ಓದಿದ್ದನ್ನು ಹೇಳತೊಡಗಿದಳು. ಮಂಡ್ಯದ ಸೀಮೆಯ ಆತಕೂರಿನಲ್ಲಿ ಸುಮಾರು 950ರ ಒಂದು ಕಲ್ಲು ಇತ್ತಂತೆ. ಮಣಲೆರನೆಂಬ ವೀರನು ಒಡೆಯನು ಮೆಚ್ಚಿ ಬೇಡಿಕೊಳ್ಳೆಂದಾಗ ಕಾಳಿಯೆಂಬ ಬೇಟೆನಾಯಿಯನ್ನು ಬೇಡಿ ಪಡೆದನಂತೆ. ಅದು ಕಾಡುಹಂದಿಯೊಡನೆ ಹೋರಾಡಿ, ಎರಡೂ ಸತ್ತಾಗ ನಾಯಿಗಾಗಿ ಕಲ್ಲು ನಿಲ್ಲಿಸಿದನಂತೆ. ಆ ಕಲ್ಲು ಈಗ ಬೆಂಗಳೂರಿನ ಸರಕಾರಿ ವಸ್ತುಸಂಗ್ರಹಾಲಯದಲ್ಲಿದೆಯೆಂಬುದು ನಮಗೆ ಗೊತ್ತಿದ್ದುದೇ. ಬೇರೆ ದಿನವಾಗಿದ್ದರೆ ಅರ್ಧ ಗಂಟೆಯ ವ್ಯಾಖ್ಯಾನ ಮಾಡುತ್ತಿದ್ದೆವು. ಮೊಮ್ಮಗನು ಹಿಂದಕ್ಕೆ ತಿರುಗಿ ಸರಮೆಯ ಕಿವಿ ಹಿಡಿದು, “ನಿನಗೂ ಒಂದು ಕಲ್ಲು ನಿಲ್ಲಿಸ್ತೀನಿ ಬಿಡು” ಎಂದನು. ಸೊಸೆ ಕಿಟಕಿಯ ಕಡೆ ಮುಖ ಮಾಡಿದಳು.

ಬಾಗಲಕೋಟೆಯ ಆಚೆ ಕಲಾದಗಿಯ ದಾಳಿಂಬೆ ತೋಟಗಳ ಬಳಿ ಬೇವಿನ ಮರದ ನೆರಳಿನಲ್ಲಿ ನಿಲ್ಲಿಸಿ ಬುತ್ತಿ ಬಿಚ್ಚಿದೆವು. ನಾಯಿಗಳಿಗೆ ನೀರು ಹಾಕಲೆಂದು ಹುಡುಗನು ಹಿಂದಿನ ಗಂಟನ್ನು ಬಿಚ್ಚಿದನು. ಅದನ್ನು ಕಟ್ಟಿದವರು ನಮ್ಮ ಮನೆಯವರು. ಅದರಲ್ಲಿ ಸರಮೆಯ ಬಟ್ಟಲು, ಅವಳು ಮಲಗುವ ಗೋಣಿತಟ್ಟು, ಚಳಿಗೆ ಹೊದಿಸುವ ಹಳೆಯ ಕೌದಿಯ ತುಂಡು, ಲಸಿಕೆಯ ಚೀಟಿ, ಮರಿಯಾಗಿದ್ದಾಗ ಕಚ್ಚಿ ಹಾಳುಮಾಡಿದ ಒಂದು ಚಪ್ಪಲಿ ಸಹ ಇದ್ದವು. ಕರಿಯನದು ಒಂದೂ ಇರಲಿಲ್ಲ.

ಹುಡುಗನು ಬಹಳ ಹೊತ್ತು ಆ ಚಪ್ಪಲಿಯನ್ನು ನೋಡುತ್ತ ಕುಕ್ಕುರುಗಾಲಿನಲ್ಲಿ ಕುಳಿತಿದ್ದನು. ಆಮೇಲೆ ನಮ್ಮ ಬಳಿಗೆ ಬಂದನು, ತಂದೆಯ ಬಳಿಗಲ್ಲ.

“ಅಜ್ಜಾ, ಸರೂನ್ನ ಬಿಟ್ಟು ಬರಾಕ ಹೊಂಟೀವೇನು?”

“ಹೌದಪ್ಪಾ.”

“ನಿಮಗ ಮೊದಲಽ ಗೊತ್ತಿತ್ತು?”

“ಗೊತ್ತಿತ್ತು.”

ಅವನು ಅಳಲಿಲ್ಲ; ಅತ್ತಿದ್ದರೆ ನಮಗೆ ಹಗುರವಾಗುತ್ತಿತ್ತು. ಎರಡೂ ಹಗ್ಗಗಳನ್ನು ಕೈಗೆ ಸುತ್ತಿಕೊಂಡು ಮರದ ಬುಡದಲ್ಲಿ ಕುಳಿತನು. ಮಗನು ಗದರಿಸಿದನು, ಸೊಸೆ ಮುದ್ದಿಸಿದಳು, ಅಕ್ಕನು ಮಾತ್ರ ಹೋಗಿ ಸುಮ್ಮನೆ ಪಕ್ಕದಲ್ಲಿ ಕುಳಿತಳು. ಕಡೆಗೆ, ವಿದ್ವಾಂಸರಲ್ಲವೇ, ನಮ್ಮನ್ನು ಕಳುಹಿಸಿದರು. “ಏಳು ಮಗೂ, ಗಾಡಿ ಹತ್ತು, ಹೊತ್ತಾಯಿತು” ಎಂದೆವು.

“ಧರ್ಮರಾಜ ನಾಯಿ ಬಿಟ್ಟು ರಥ ಹತ್ತಲಿಲ್ಲ ಅಂತ ಹೇಳಿದವ್ರು ನೀವಽ ಅಲ್ಲೇನು?”

ಮಹಾಪ್ರಸ್ಥಾನದ ಆ ಕಥೆಯನ್ನು ಅವನ ನಾಲ್ಕನೆಯ ವಯಸ್ಸಿನಿಂದ ಎಷ್ಟು ರಾತ್ರಿ ಹೇಳಿದ್ದೆವೋ ಲೆಕ್ಕವಿಲ್ಲ. ದ್ರೌಪದಿಯೂ ತಮ್ಮಂದಿರೂ ದಾರಿಯಲ್ಲಿ ಬಿದ್ದುಹೋಗಿ, ಇಂದ್ರನೇ ರಥ ತಂದು ನಿಲ್ಲಿಸಿದಾಗ, ಶರಣು ಬಂದ ನಾಯಿಯನ್ನು ಬಿಟ್ಟು ಸ್ವರ್ಗವೂ ಬೇಡವೆಂದ ಧರ್ಮರಾಜನ ಮಾತನ್ನು ನಾವು ಕಂಠ ಕಂಪಿಸುವಂತೆ ಹೇಳುತ್ತಿದ್ದೆವು. ಪೂರ್ವಪಕ್ಷಕ್ಕೆ ಉತ್ತರ ಹೇಳುವುದೇ ನಮ್ಮ ವೃತ್ತಿಯಾಗಿತ್ತು. ಕಲಾದಗಿಯ ಬೇವಿನ ಕೆಳಗೆ ನಮಗೆ ಯಾವ ಉತ್ತರವೂ ತೋರಲಿಲ್ಲ. ವಿಷದ ಮಾತನ್ನು ಮಾತ್ರ ಮುಚ್ಚದೆ ಹೇಳಿದೆವು. ಅವಳನ್ನು ಇಟ್ಟುಕೊಂಡರೂ ಕಳೆದುಕೊಂಡೇವೆಂಬ ಹೆದರಿಕೆಯಿಂದ ಹೀಗೆ ಮಾಡಿದೆವೆಂದೆವು. ಅವನು ಕೇಳಿ, “ಇದನ್ನ ಮನ್ಯಾಗಽ ಹೇಳಬಹುದಿತ್ತು” ಎಂದನು. ಆಮೇಲೆ, ಕುರಿಗಾರನೊಡನೆ ತಾನೇ ಮಾತನಾಡುವುದಾದರೆ ಬರುತ್ತೇನೆಂದು ಷರತ್ತು ಹಾಕಿ ಗಾಡಿಯೇರಿದನು. ನಮ್ಮ ಪಕ್ಕದಲ್ಲಿ ಅಲ್ಲ, ಹಿಂದೆ ನಾಯಿಗಳ ನಡುವೆ.

ಕುರಿಗಾರನು ಕೊಯ್ದು ಮುಗಿದ ಹೊಲದಲ್ಲಿ ಹಟ್ಟಿ ಹಾಕಿದ್ದನು. ಫೋನಿನಲ್ಲಿ ಅವನು, ತಂದು ತೋರಿಸಿರಿ, ನೋಡೋಣ ಎಂದಿದ್ದನು. ಸರಮೆಯ ಪಕ್ಕೆಲುಬುಗಳ ಮೇಲೆ ಕೈಯಾಡಿಸಿ, ಪಾದವೆತ್ತಿ ನೋಡಿ, ಛಲೋ ಬೆಳೆಸಿದ್ದೀರೆಂದು ಮೆಚ್ಚಿದನು. ಆಗ ಹುಡುಗನು ಮುಂದೆ ಬಂದು, “ಇಕಿ ಒಂದು ಆಡಿನ ಮರಿ ಕೊಂದಾಳ. ನಮ್ಮಪ್ಪ ನಿಮಗ ಹೇಳಿರಲಿಕ್ಕಿಲ್ಲ” ಎಂದನು.

ನಿಜವಾಗಿಯೂ ಹೇಳಿರಲಿಲ್ಲ. ಅದನ್ನು ಬಿಟ್ಟು ಮಾತನಾಡೆಂದು ಮಗನಿಗೆ ಹೇಳಿಕೊಟ್ಟವರೂ ನಾವೇ.

ಕುರಿಗಾರನು ನಮ್ಮ ಮುಖವನ್ನೂ ಹುಡುಗನ ಮುಖವನ್ನೂ ಒಂದೊಂದು ಸಲ ನೋಡಿದನು. “ಆಡು ಹಿಡದ ನಾಯೀನ ಕುರಿ ಹಿಂದ ಬಿಡೂದೇನ್ರಿ, ಮಾಸ್ತರ್ರ?” ಎಂದು ನಕ್ಕನು. “ಕುರಿ ಕಾಯೂದು ಮರಿ ಇದ್ದಾಗ ಕಲೀಬೇಕ್ರಿ. ಇದು ಮನಿ ಹಿಡದೈತಿ. ಇಲ್ಲೆ ಕಟ್ಟಿ ಹೋದ್ರ ರಾತ್ರಿ ಹಗ್ಗ ಕಡಕೊಂಡು ನಿಮ್ಮ ದಾರಿ ಹಿಡದು ಯಾವದರ ಲಾರಿ ಕೆಳಗ ಬೀಳತೈತಿ. ಗ್ವಾಡಿ ಎತ್ತರ ಮಾಡಸ್ರಿ, ದಿನಾ ಮುಂಜಾನೆ ಹಗ್ಗ ಹಾಕಿ ಓಡಸ್ರಿ, ಆತು.” ಇಷ್ಟು ಸರಳವಾದ ಮಾತು ನಮ್ಮಲ್ಲಿ ಮೂವರಿಗೂ ಹೊಳೆದಿರಲಿಲ್ಲವೆಂದು ಹೇಳುವಂತಿಲ್ಲ, ಗೋಡೆಗೆ ಖರ್ಚಾಗುವುದು, ಮುಂಜಾನೆ ಏಳಬೇಕಾಗುವುದು. ಅವನ ಹೆಂಡತಿ ಎಲ್ಲರಿಗೂ ಮಜ್ಜಿಗೆ ಕೊಟ್ಟಳು. ಹುಡುಗನು ಎರಡು ಲೋಟ ಕುಡಿದನು.

ತಿಮ್ಮಾಪುರಕ್ಕೆ ಹೋಗಲು ಹೊತ್ತು ಉಳಿಯಲಿಲ್ಲ. ಹಿಂದಿರುಗುವಾಗ ಯಾರೂ ಹೆಚ್ಚು ಮಾತನಾಡಲಿಲ್ಲ. ಮುದಗಲ್ಲಿನ ಬಳಿ ಕತ್ತಲಲ್ಲಿ ಹಿಂದಿರುಗಿ ನೋಡಿದಾಗ ಹುಡುಗನು ಸರಮೆಯ ಮೇಲೆ ತಲೆಯಿಟ್ಟು ನಿದ್ದೆಹೋಗಿದ್ದನು. ಕರಿಯನು ಇಬ್ಬರನ್ನೂ ಕಾಯುತ್ತಿದ್ದನು. ಹಟ್ಟಿ ಮುಟ್ಟಿದಾಗ ರಾತ್ರಿ ಹನ್ನೊಂದು ದಾಟಿತ್ತು. ಕಟ್ಟೆಯ ಮೇಲೆ ದೀಪ ಉರಿಯುತ್ತಿತ್ತು. ಬಾಗಿಲ ಬಳಿ ಎರಡು ತಟ್ಟೆಗಳಲ್ಲಿ ಹಾಲುರೊಟ್ಟಿ ಕಲಸಿ ಇಟ್ಟಿತ್ತು. ನಾವು ಫೋನು ಮಾಡಿ ಏನನ್ನೂ ತಿಳಿಸಿರಲಿಲ್ಲ.

ಗೋಡೆಯ ಮೇಲೆ ಈಗ ತಂತಿಯ ಜಾಲರಿ ಏರಿದೆ. ಮುಂಜಾನೆ ಐದಕ್ಕೆ ಹುಡುಗನು ಸರಮೆಯನ್ನೂ ನಾವು ಕರಿಯನನ್ನೂ ಹಿಡಿದು ಊರ ಹೊರಗಿನ ಬಯಲಿಗೆ ಹೋಗುತ್ತೇವೆ. ಹಿಂದಿನ ಓಣಿಯವರು ಈಗಲೂ ನಮ್ಮನ್ನು ಕಂಡರೆ ಮಾತನಾಡುವುದಿಲ್ಲ. ಸಂಕ್ರಾಂತಿಗೆ ಎಲ್ಲರೂ ಕೂಡಲಸಂಗಮಕ್ಕೆ ಹೊರಟಾಗ ಹುಡುಗನು ಎಲ್ಲಕ್ಕೂ ಮೊದಲು ಗಂಟನ್ನು ಬಿಚ್ಚಿ ಬಟ್ಟಲುಗಳು ಎರಡಿವೆಯೇ ಎಂದು ಎಣಿಸಿದನು. ಎಣಿಸಿ ಮತ್ತೆ ಕಟ್ಟಿದನು. ನಾವು ಅಲ್ಲಿಯೇ ನಿಂತಿದ್ದೆವು, ನಮ್ಮ ಕಡೆ ನೋಡಲಿಲ್ಲ.