ಕೂಡದ ಹಳಿಗಳು

ತಿಕೋಟಾದಲ್ಲಿ ಹುಟ್ಟಿ, ಬಬಲೇಶ್ವರದಲ್ಲಿ ಪಾಠ ಹೇಳಿ, ಮುಪ್ಪಿನಲ್ಲಿ ವಿಜಯಪುರವನ್ನು ಸೇರಿದ ನನ್ನನ್ನು ಒಂದು ಕೊರತೆಯು ಇಂದಿಗೂ ಬಾಧಿಸುತ್ತಿರುವುದು. 1884ರಲ್ಲಿ ಹೊಟಗಿ–ಗದಗ ರೈಲುದಾರಿಯು ತೆರೆದಂದಿನಿಂದ ನಮ್ಮ ಊರಿಗೆ ಉತ್ತರ ದಕ್ಷಿಣಗಳಿಗೆ ಹಳಿಯುಂಟು, ಪಡುವಣಕ್ಕಿಲ್ಲ. ಕಣ್ಣು ಮಂದವಾಗಿದ್ದ ತಾಯಿಯನ್ನು ಮಿರಜಿಗೆ ಕರೆದೊಯ್ಯುವಾಗ ಬಸ್ಸಿನ ಕುಲುಕಾಟಕ್ಕೆ ಬಳಲಿದ ಅವಳು, “ಈ ಕಡಿ ರೈಲ ಯಾಕಿಲ್ಲೋ ತಮ್ಮಾ?” ಎಂದು ಕೇಳಿದಳು. ರೈಲಿನಲ್ಲಾದರೆ ಸೊಲ್ಲಾಪುರವನ್ನು ಸುತ್ತಬೇಕಾಗಿದ್ದಿತು. ನಾನು ಸುಮ್ಮನಾದೆನು.

ಅಥಣಿಯ ಮೇಲೆ ಶೇಡಬಾಳದವರೆಗೆ ಹಳಿಯನ್ನು ಹಾಕಬೇಕೆಂಬ ಬೇಡಿಕೆಯು ಹಳೆಯದು. ಅದು ಕೈಗೂಡಿದರೆ ನಮ್ಮ ದಾರಿಯು ಮಿರಜ–ಬೆಳಗಾವಿ ದಾರಿಯೊಡನೆ ಕೂಡುವುದು. ತಿಕೋಟಾದ ದ್ರಾಕ್ಷಿಗೂ ರೋಗಿಗೂ ವಿದ್ಯಾರ್ಥಿಗೂ ಪಡುವಣವು ಸಮೀಪವಾಗುವುದು. ಸಂಧಿಯಾಗದ ಪದಗಳಂತೆ ಬೇರೆಯಾಗಿಯೇ ಉಳಿದ ಈ ದಾರಿಗಳು ಕೂಡುವುದನ್ನು ಕಾಣದೆ ತಾಯಿಯು ತೀರಿಹೋದಳು. ವಾಚಕರೇ, ನಾನಾದರೂ ಕಾಣುವೆನೇ?