ವಸಡಿನ ಗಾಯವೂ ನಾವು ಕೊಟ್ಟ ಸಲಹೆಯೂ

ಕಳೆದ ಶಅಬಾನ್ ತಿಂಗಳ ಒಂದು ಸಂಜೆ, ಅಸರ್ ನಮಾಝಿನ ಬಳಿಕ, ಖಾನಾಪುರದಲ್ಲಿ ನಾವು ಕಲಿಸುವ ಮದ್ರಸಾಕ್ಕೆ ಒಬ್ಬ ತಂದೆ ಮಗಳನ್ನು ಕರೆತಂದರು. ಹುಡುಗಿ ದುಪಟ್ಟಾದಿಂದ ಬಾಯಿ ಮುಚ್ಚಿಕೊಂಡಿದ್ದಳು. ನಿಕಾಹ್‌ಗೆ ಹನ್ನೆರಡು ದಿನಗಳಿದ್ದವು. ಹಲ್ಲು ಹಳದಿಯಾಗಿದೆ ಎಂದು ವರನ ತಾಯಿ ಆಡಿದ ಮಾತು ಕಿವಿಗೆ ಬಿದ್ದು, ಆಕೆ ಬೆಳಗಾವಿಯ ಬ್ಯೂಟಿ ಪಾರ್ಲರೊಂದರಲ್ಲಿ ಹಲ್ಲು ಬಿಳುಪು ಮಾಡಿಸಿಕೊಂಡಿದ್ದಳು. ಮನೆ ಸೇರುವಷ್ಟರಲ್ಲಿ ವಸಡು ಬೆಳ್ಳಗಾಗಿ ಉರಿಯತೊಡಗಿತ್ತು. ಮನೆಯವರು ಲವಂಗದೆಣ್ಣೆ ಹಚ್ಚಿದ್ದರು.

"ಮೌಲಾನಾ, ದಮ್ ಮಾಡಿಕೊಡಿ. ಮಾತು ಹೊರಗೆ ಹೋಗಬಾರದು" ಎಂದರು ತಂದೆ.

ಓದಿ ಊದಿದೆವು. ಅಲ್ಲಿಗೇ ನಿಲ್ಲಿಸಬೇಕಿತ್ತು. ಮಿಸ್ವಾಕಿನ ಶ್ರೇಷ್ಠತೆಯನ್ನು ವರ್ಷವಿಡೀ ಬೋಧಿಸುವ ನಾಲಗೆ ಸುಮ್ಮನಿರಲಿಲ್ಲ. ಪ್ರತಿ ವುಝೂವಿನಲ್ಲೂ ಮಿಸ್ವಾಕ್ ಮಾಡಮ್ಮಾ, ಶಿಫಾ ದೊರೆಯುತ್ತದೆ ಎಂದೆವು. ಎರಡು ದಿನಗಳಲ್ಲಿ ತಂದೆಯ ಫೋನ್ ಬಂತು. ರಕ್ತ ನಿಲ್ಲುತ್ತಿಲ್ಲ, ಹುಡುಗಿ ಊಟ ಬಿಟ್ಟಿದ್ದಾಳೆ.

ಮರುದಿನ ಅವರೊಂದಿಗೆ ಬೆಳಗಾವಿಗೆ ಹೋಗಿ, ನೆಹರು ನಗರದ ಕೆಎಲ್‌ಇ ದಂತ ಮಹಾವಿದ್ಯಾಲಯದಲ್ಲಿ ತೋರಿಸಿದೆವು. ಅಲ್ಲಿ ತಿಳಿದ ವಿಷಯವಿಷ್ಟು. ಬಿಳುಪಿನ ಜೆಲ್‌ನಲ್ಲಿರುವುದು ಹೈಡ್ರೋಜನ್ ಪೆರಾಕ್ಸೈಡ್. ದಂತವೈದ್ಯರು ಬಳಸುವಾಗ ಅದರ ಪ್ರಮಾಣ ಶೇ. 35ರಷ್ಟೂ ಇರಬಹುದು. ಆದ್ದರಿಂದಲೇ ಅವರು ಮೊದಲು ವಸಡಿಗೆ ರಕ್ಷಣೆಯ ಲೇಪ ಹಚ್ಚುತ್ತಾರೆ. ಐರೋಪ್ಯ ಒಕ್ಕೂಟದಲ್ಲಂತೂ ಶೇ. 0.1ಕ್ಕಿಂತ ಪ್ರಬಲವಾದುದನ್ನು 2012ರಿಂದ ದಂತವೈದ್ಯರಿಗಲ್ಲದೆ ಬೇರೆಯವರಿಗೆ ಮಾರುವಂತಿಲ್ಲ. ವಸಡಿಗೆ ಜೆಲ್ ತಗುಲಿದ ಕೂಡಲೇ ಧಾರಾಳ ನೀರಿನಿಂದ ಬಾಯಿ ಮುಕ್ಕಳಿಸಬೇಕು. ಆಮೇಲೆ ಉಗುರುಬೆಚ್ಚಗಿನ ಉಪ್ಪುನೀರು, ಮೃದುವಾದ ಬ್ರಷ್. ಖಾರ, ಹುಳಿ, ಬಿಸಿ ಬೇಡ. ಸಣ್ಣ ಸುಟ್ಟಗಾಯ ಸಾಮಾನ್ಯವಾಗಿ ಕೆಲವೇ ದಿನಗಳಲ್ಲಿ ಮಾಯುತ್ತದೆ. ಊತ, ಕೀವು ಕಂಡರೆ ಅಥವಾ ಹುಣ್ಣು ಎರಡು ವಾರ ಕಳೆದರೂ ಮಾಯದಿದ್ದರೆ ಕಾಯಬಾರದು. ಲವಂಗದೆಣ್ಣೆ ತಾನೇ ಸುಡುತ್ತದೆ.

"ಈ ಗಾಯದ ಮೇಲೆ ಕಡ್ಡಿ ಉಜ್ಜಲು ಹೇಳಿದವರಾರು?" ಎಂದು ವೈದ್ಯೆ ಕೇಳಿದರು. ನಾವೇ ಎಂದೆವು. ಹುಡುಗಿ ತಲೆ ತಗ್ಗಿಸಿದಳು, ನಮಗಾಗಿ ನಾಚಿಕೊಂಡವಳಂತೆ.

ವೈದ್ಯವಿದ್ಯೆ ತಿಳಿಯದೆ ಚಿಕಿತ್ಸೆ ಮಾಡಿದವನು ಹಾನಿಗೆ ಹೊಣೆಗಾರನೆಂಬ ಅರ್ಥದ ಹದೀಸ್ ಅಬೂ ದಾವೂದರ ಸಂಗ್ರಹದಲ್ಲಿದೆ. ಪಾರ್ಲರಿನವರನ್ನು ದೂರಲು ಅದು ನೆನಪಾಗಿತ್ತು. ನಮ್ಮ ಕುರಿತು ನೆನಪಾದದ್ದು ಆ ಕುರ್ಚಿಯ ಪಕ್ಕದಲ್ಲಿ ನಿಂತಾಗ. ಮಿಸ್ವಾಕ್ ಸುನ್ನತ್ ಎಂಬುದರಲ್ಲಿ ಸಂದೇಹವಿಲ್ಲ. ಆದರೆ ಸಮುದಾಯಕ್ಕೆ ಕಷ್ಟವಾದೀತೆಂದೇ ಪ್ರವಾದಿ(ಸ) ಅದನ್ನು ಕಡ್ಡಾಯಗೊಳಿಸಲಿಲ್ಲ. ಹಸಿಗಾಯದ ಮೇಲೆ ನಾವು ಕಡ್ಡಾಯಗೊಳಿಸಿದೆವು.

ಹಲ್ಲಿನ ಹಳದಿ ಕೊಳೆಯಲ್ಲ, ಎನಾಮೆಲ್‌ನ ಒಳಗಿನ ಪದರದ ಸಹಜ ಬಣ್ಣವೆಂದೂ ವೈದ್ಯೆ ಹುಡುಗಿಗೆ ಹೇಳಿದರು.

ಹಿಂದಿರುಗುವ ಬಸ್ಸಿನಲ್ಲಿ ತಂದೆ, "ಬೀಗರಿಗೆ ಹೇಳಲೇಬೇಕೇ ಮೌಲಾನಾ?" ಎಂದರು. ಹೇಳಿ, ನಮ್ಮ ತಪ್ಪನ್ನೂ ಸೇರಿಸಿ ಹೇಳಿ ಎಂದೆವು. ಮೂರನೆಯ ದಿನ ವರನ ತಾಯಿ ತಣ್ಣಗಿನ ಖೀರು ಹಿಡಿದುಕೊಂಡು ಖಾನಾಪುರಕ್ಕೆ ಬಂದರಂತೆ. ಏನು ಮಾತನಾಡಿಕೊಂಡರೆಂದು ನಾವು ಕೇಳಲಿಲ್ಲ.