ಮಾಂಗೋಚಿಯ ದಿನಗಳು

ಕಳೆದ ತಿಂಗಳು ಆರೋಗ್ಯ ಮಾಹಿತಿ ಕಾರ್ಯಕ್ರಮಕ್ಕೆಂದು ನಾನು ಓದಿದ ಈ ಕಾಲೇಜಿಗೆ ಬಂದಿದ್ದೆ. ಆಫ್ರಿಕಾದ ಮಲಾವಿಯಲ್ಲಿ ಒಂದು ವರ್ಷ ಸ್ವಯಂಸೇವಕ ನರ್ಸ್ ಆಗಿದ್ದೆ ಎಂದು ಹೇಳಿದ ಕೂಡಲೇ ಪ್ರಶ್ನೆಗಳು ಶುರುವಾದವು. "ಅಕ್ಕ, ಅಲ್ಲಿ ಊಟಕ್ಕೆ ಏನು ಮಾಡ್ತಿದ್ರಿ?" "ಭಾಷೆ ಹೇಗೆ?" "ಮನೆಯಲ್ಲಿ ಹೇಗೆ ಬಿಟ್ರು?" ಕಾಯಿಲೆ, ಔಷಧಿಗಳ ಬಗ್ಗೆ ಯಾರೂ ಕೇಳಲಿಲ್ಲ. ಆದರೆ ವಿದ್ಯಾರ್ಥಿಗಳು ಕೇಳಿದ್ದೇ ಸರಿಯಾದ ಪ್ರಶ್ನೆಗಳು. ಡ್ರಿಪ್ ಹಾಕುವುದನ್ನು ಮಂಗಳೂರಿನಲ್ಲೇ ಕಲಿತಿದ್ದೆ. ನೀರು ತರುವುದು, ಸಂತೆಗೆ ಹೋಗುವುದು, ನೆರೆಮನೆಯವರೊಡನೆ ಮಾತಾಡುವುದನ್ನು ಮಾತ್ರ ಅಲ್ಲಿಗೆ ಹೋಗಿಯೇ ಕಲಿಯಬೇಕಿತ್ತು. ಅದನ್ನು ಕಲಿತ ಮೇಲೆಯೇ ಡ್ರಿಪ್ ಹಾಕುವ ಕೈಗೂ ಬೆಲೆ ಬಂತು. ಸಂಚಿಕೆಗೆ ಬರೆದುಕೊಡಿ ಎಂದು ಉಪನ್ಯಾಸಕರು ಕೇಳಿದ್ದರಿಂದ ಆ ವಿಷಯವನ್ನೇ ಬರೆಯುತ್ತಿದ್ದೇನೆ.

ಇಲ್ಲಿ ಪಿಯುಸಿ ವಿಜ್ಞಾನ ಮುಗಿಸಿ ಬಿ.ಎಸ್ಸಿ. ನರ್ಸಿಂಗ್ ಮಾಡಿದೆ. ನಾಲ್ಕು ವರ್ಷ ಆಸ್ಪತ್ರೆಯಲ್ಲಿ ಕೆಲಸ ಮಾಡಿದ ಮೇಲೆ ಒಂದು ಸ್ವಯಂಸೇವಾ ಸಂಸ್ಥೆಗೆ ಅರ್ಜಿ ಹಾಕಿದೆ. 2022ರ ಅಕ್ಟೋಬರ್‌ನಲ್ಲಿ ಬೆಂಗಳೂರಿನಿಂದ ಅಡಿಸ್ ಅಬಾಬ ಮೂಲಕ ಮಲಾವಿಯ ರಾಜಧಾನಿ ಲಿಲಾಂಗ್ವೆಗೆ ಹೋಗಿ ಇಳಿದೆ. ಮಲಾವಿ 1964ರಲ್ಲಿ ಸ್ವತಂತ್ರವಾದ ದೇಶ. ವಿಸ್ತೀರ್ಣದಲ್ಲಿ ನಮ್ಮ ಕರ್ನಾಟಕದ ಸುಮಾರು ಐದರಲ್ಲಿ ಮೂರು ಪಾಲು. ಸಮುದ್ರ ಇಲ್ಲ, ಆದರೆ ಸುಮಾರು 580 ಕಿಲೋಮೀಟರ್ ಉದ್ದದ ಸರೋವರ ಇದೆ. ಆ ಸರೋವರದ ದಕ್ಷಿಣದ ತುದಿಯಲ್ಲಿ ಮಾಂಗೋಚಿ ಜಿಲ್ಲೆ. ಅಲ್ಲಿಯ ಒಂದು ಆರೋಗ್ಯ ಕೇಂದ್ರದಲ್ಲಿ ನನಗೆ ಕೆಲಸ. ಜಿಲ್ಲೆಯಲ್ಲಿ ಯಾವೋ ಜನರು ಹೆಚ್ಚು, ಅವರಲ್ಲಿ ಬಹಳ ಮಂದಿ ಮುಸ್ಲಿಮರು. ಮೊದಲ ದಿನ ಬೆಳಗಿನ ಜಾವ ಬಾಂಗ್ ಕೇಳಿ ಎಚ್ಚರವಾದಾಗ ಅರೆಗಳಿಗೆ ಊರಲ್ಲೇ ಇದ್ದೇನೆ ಅನ್ನಿಸಿತು. ಆಮೇಲೆ ಸೆಖೆ ನೆನಪಿಸಿತು. ಅಲ್ಲಿ ಅಕ್ಟೋಬರ್ ಅಂದರೆ ನಮ್ಮ ಏಪ್ರಿಲ್-ಮೇ ಇದ್ದಂತೆ.

ಮನೆ ಎರಡು ಕೋಣೆಯದು, ತಗಡಿನ ಮಾಡು. ಕರೆಂಟ್ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಅಡುಗೆ ಇದ್ದಿಲ ಒಲೆಯಲ್ಲಿ. ನೀರು ಬೋರ್‌ವೆಲ್‌ನ ಕೈಪಂಪಿನಿಂದ. ಐದು ಗಂಟೆಗೆಲ್ಲ ಹೆಂಗಸರು ಬಕೆಟ್ ಹಿಡಿದು ಸಾಲು ನಿಲ್ಲುತ್ತಿದ್ದರು. ನೀರು ತಂದುಕೊಡಲು ಆಳು ಇಟ್ಟುಕೊಳ್ಳಬಹುದು ಎಂದು ಸಂಸ್ಥೆಯವರು ಹೇಳಿದ್ದರು. ಆದರೆ ನಾನು ಸಾಲಿನಲ್ಲಿ ನಿಂತೆ. ಅದು ತ್ಯಾಗವೇನೂ ಅಲ್ಲ, ಮಾತಾಡಲು ಯಾರೂ ಇಲ್ಲದ ಮನೆಯಲ್ಲಿ ಒಬ್ಬಳೇ ಕೂರುವುದಕ್ಕಿಂತ ಸಾಲು ವಾಸಿ ಅನ್ನಿಸಿತ್ತು. ತುಂಬಿದ ಬಕೆಟ್ಟನ್ನು ತಲೆಯ ಮೇಲೆ ಇಟ್ಟುಕೊಂಡು ಕೈಬಿಟ್ಟು ನಡೆಯುವುದು ನನಗೆ ಕೊನೆಯವರೆಗೂ ಬರಲಿಲ್ಲ. ಎಂಟು ವರ್ಷದ ಹುಡುಗಿಯರು ಅದನ್ನು ನೋಡಿ ನಗುತ್ತಿದ್ದರು. ನಗುವವರ ಜೊತೆ ಬೇಗ ಪರಿಚಯವಾಗುತ್ತದೆ.

ಊಟಕ್ಕೆ ನ್ಸಿಮಾ. ಮೆಕ್ಕೆಜೋಳದ ಹಿಟ್ಟನ್ನು ಕುದಿಯುವ ನೀರಿನಲ್ಲಿ ತಿರುವಿ ತಿರುವಿ ಮಾಡುವ ಬಿಳಿ ಮುದ್ದೆ ಅದು. ರಾಗಿ ಮುದ್ದೆ ಗೊತ್ತಿದ್ದವರಿಗೆ ಕಷ್ಟವಿಲ್ಲ. ಕುಚ್ಚಲಕ್ಕಿ ಗಂಜಿಯಲ್ಲಿ ಬೆಳೆದ ನನಗೆ ಎರಡು ವಾರ ಹಿಡಿಯಿತು. ಜೊತೆಗೆ ಸೊಪ್ಪು, ಬೀನ್ಸ್ ಅಥವಾ ಸರೋವರದ ಮೀನು. ಉಸಿಪಾ ಎಂಬ ಸಣ್ಣ ಮೀನನ್ನು ದಡದಲ್ಲಿ ಒಣಗಿಸಿ ಸಂತೆಗೆ ತರುತ್ತಾರೆ. ಒಣಮೀನಿನ ಆ ವಾಸನೆ ಹಿಡಿದು ನಡೆದರೆ ಕಣ್ಣು ಮುಚ್ಚಿಯೂ ಸಂತೆ ತಲುಪಬಹುದಿತ್ತು. ನಮ್ಮ ಕರಾವಳಿಯವರಿಗೆ ಇದಕ್ಕಿಂತ ದೊಡ್ಡ ಸಮಾಧಾನ ಬೇಕೇ? ಪಟ್ಟಣದ ಅಂಗಡಿಗಳಲ್ಲಿ ಬೇಳೆ, ಮಸಾಲೆಪುಡಿ ಸಿಗುತ್ತಿತ್ತು. ತಲೆಮಾರುಗಳ ಹಿಂದೆ ಗುಜರಾತಿನಿಂದ ಹೋಗಿ ನೆಲೆಸಿದ ಕುಟುಂಬಗಳು ಆ ದೇಶದಲ್ಲಿ ವ್ಯಾಪಾರ ಮಾಡಿಕೊಂಡಿವೆ.

ಇನ್ನು ಭಾಷೆ. ಅಲ್ಲಿ ಬೆಳಿಗ್ಗೆ ಯಾರನ್ನು ಕಂಡರೂ ಮೊದಲು "ಮ್ವಾಜುಕಾ ಬ್ವಾಂಜಿ?" ಎನ್ನಬೇಕು. ಹೇಗೆ ಎದ್ದಿರಿ ಎಂದು ಅರ್ಥ. ಚೆನ್ನಾಗಿ ಎದ್ದೆ, ನೀವು ಹೇಗೆ ಎಂದು ಅವರು ಕೇಳುತ್ತಾರೆ. ಮಧ್ಯಾಹ್ನದ ಮೇಲಾದರೆ ದಿನ ಹೇಗೆ ಕಳೆಯಿತು ಎಂದು ಕೇಳಬೇಕು. ಅಂಗಡಿಯಲ್ಲಿ ಉಪ್ಪು ಕೇಳುವ ಮೊದಲೂ ಇದು ಆಗಬೇಕು, ರೋಗಿಯ ನಾಡಿ ಹಿಡಿಯುವ ಮೊದಲೂ ಆಗಬೇಕು. ನಮ್ಮ ಆಸ್ಪತ್ರೆಗಳಲ್ಲಿ "ಏನಾಗ್ತಿದೆ? ಎಷ್ಟು ದಿನದಿಂದ?" ಎಂದು ನೇರವಾಗಿ ಕೇಳಿ ಅಭ್ಯಾಸ. ಅಲ್ಲಿ ಹಾಗೆ ಕೇಳಿದರೆ ಜಗಳಕ್ಕೆ ಬಂದವರಂತೆ ಕಾಣುತ್ತದೆ ಎಂದು ಜೊತೆಯ ನರ್ಸ್ ಮೊದಲ ದಿನವೇ ಹೇಳಿಕೊಟ್ಟರು.

ಚಿಚೇವಾ ಭಾಷೆಯ ಕೆಲವು ಪದಗಳು ನನಗೆ ಸ್ಟೆತಸ್ಕೋಪಿನಷ್ಟೇ ಉಪಯೋಗಕ್ಕೆ ಬಂದವು. "ಮಲುಂಗೊ" ಎಂದರೆ ಜ್ವರ ಎಂದೂ ಆಗುತ್ತದೆ, ಮಲೇರಿಯಾ ಎಂದೂ ಆಗುತ್ತದೆ. ತಾಯಿ ಮಗುವನ್ನು ತಂದು "ಮಲುಂಗೊ" ಎಂದರೆ ಅಷ್ಟಕ್ಕೇ ಮಾತ್ರೆ ಕೊಡುವಂತಿಲ್ಲ. ಬೆರಳಿನಿಂದ ಒಂದು ಹನಿ ರಕ್ತ ತೆಗೆದು ಪರೀಕ್ಷೆ ಮಾಡಬೇಕು. ಭೇದಿಗೆ ಅವರು ಹೇಳುವ ಮಾತಿನ ಅರ್ಥ 'ಹೊಟ್ಟೆ ತೆರೆಯುವುದು'. "ಪೆಪಾನಿ" ಎಂಬ ಇನ್ನೊಂದು ಮಾತಿದೆ. ಯಾರೋ ಎಡವಿದರೂ, ಯಾರ ಮನೆಯಲ್ಲಾದರೂ ಸಾವಾದರೂ ಪೆಪಾನಿ ಎನ್ನುತ್ತಾರೆ. ನಿಮಗೆ ಹೀಗಾಯಿತಲ್ಲ ಎಂಬ ಭಾವ ಅದರಲ್ಲಿದೆ.

ಆರೋಗ್ಯ ಕೇಂದ್ರದಲ್ಲಿ ಬೇಗ ಒಗ್ಗಿಹೋದ ಎರಡು ಪದ್ಧತಿಗಳನ್ನು ಹೇಳಬೇಕು. ಒಂದು, ಪ್ರತಿಯೊಬ್ಬ ರೋಗಿಯ ಕೈಯಲ್ಲೂ ಇರುವ 'ಹೆಲ್ತ್ ಪಾಸ್‌ಪೋರ್ಟ್' ಎಂಬ ಸಣ್ಣ ಪುಸ್ತಕ. ಲಸಿಕೆ, ಹಳೆಯ ಕಾಯಿಲೆ, ಕೊಟ್ಟ ಮಾತ್ರೆ ಎಲ್ಲ ಅದರಲ್ಲೇ ಬರೆದಿರುತ್ತದೆ. ಅದಕ್ಕೆ ಬಟ್ಟೆಯ ಹೊದಿಕೆ ಹೊಲಿದು ಜೋಪಾನ ಮಾಡಿದವರನ್ನು ನೋಡಿದ್ದೇನೆ. ಇನ್ನೊಂದು, 'ಗಾರ್ಡಿಯನ್'. ರೋಗಿಯ ಜೊತೆ ಬಂದು ನಿಲ್ಲುವ ಸಂಬಂಧಿಕರು ಅವರು. ಅಡುಗೆ, ಬಟ್ಟೆ ಒಗೆಯುವುದು, ಮೈ ಒರೆಸುವುದು ಅವರ ಕೆಲಸ. ನರ್ಸ್‌ಗಳು ಕಡಿಮೆ ಇರುವಲ್ಲಿ ಅವರಿಲ್ಲದೆ ವಾರ್ಡ್ ನಡೆಯುವುದಿಲ್ಲ.

ನಮ್ಮ ಆಶಾ ಕಾರ್ಯಕರ್ತೆಯರಂತೆ ಅಲ್ಲಿಯೂ ಊರೂರಿಗೆ ಹೋಗುವ ಆರೋಗ್ಯ ಸಹಾಯಕರಿದ್ದಾರೆ. ಸಾವಿರ ಜನರಿಗೆ ಒಬ್ಬರು ಎಂಬುದು ಎರಡೂ ದೇಶಗಳ ಲೆಕ್ಕ. ನಾನು ಹೆಚ್ಚಾಗಿ ಅವರ ಸೈಕಲ್ಲಿನ ಹಿಂದೆ ಕುಳಿತು ಹಳ್ಳಿಗಳಿಗೆ ಹೋಗುತ್ತಿದ್ದೆ. ಐದು ವರ್ಷದೊಳಗಿನ ಮಕ್ಕಳ ತೋಳಿಗೆ ಬಣ್ಣದ ಪಟ್ಟಿ ಸುತ್ತಿ ಅಳೆಯುವುದು ಒಂದು ಕೆಲಸ. 11.5 ಸೆಂಟಿಮೀಟರ್‌ಗಿಂತ ಕಡಿಮೆ ಬಂದರೆ ಕೆಂಪು, ಅಂದರೆ ತೀವ್ರ ಅಪೌಷ್ಟಿಕತೆ. ಅದು ಬರೀ ಒಂದು ಪಟ್ಟಿ. ಆದರೆ ಕೆಂಪು ಬಂದಾಗ ತಾಯಿ ಮೊದಲು ನೋಡುತ್ತಿದ್ದದ್ದು ಪಟ್ಟಿಯನ್ನಲ್ಲ, ನಮ್ಮ ಮುಖವನ್ನು.

ಆ ವರ್ಷ ಮಲಾವಿಯಲ್ಲಿ ಕಾಲರಾ ಇತ್ತು. 2022ರ ಮಾರ್ಚ್‌ನಲ್ಲಿ ಶುರುವಾಗಿ, ಮಳೆಗಾಲ ಹಿಡಿದ ಮೇಲೆ ದೇಶವೆಲ್ಲ ಹರಡಿತು. ಡಿಸೆಂಬರ್‌ನಲ್ಲಿ ಸರ್ಕಾರ ತುರ್ತು ಪರಿಸ್ಥಿತಿ ಘೋಷಿಸಿತು. 2023ರ ಜನವರಿಯಲ್ಲಿ ಲಿಲಾಂಗ್ವೆ, ಬ್ಲಾಂಟೈರ್ ನಗರಗಳಲ್ಲಿ ಶಾಲೆ ತೆರೆಯುವುದನ್ನೇ ಮುಂದೂಡಿದರು. ಒಟ್ಟು 58 ಸಾವಿರಕ್ಕೂ ಹೆಚ್ಚು ಜನರಿಗೆ ರೋಗ ತಗಲಿ, 1,700ಕ್ಕೂ ಹೆಚ್ಚು ಜನ ತೀರಿಕೊಂಡರು. ಆ ದೇಶ ಕಂಡ ಅತಿ ದೊಡ್ಡ ಕಾಲರಾ ಅದು. ತುಂಬ ಪೆಟ್ಟು ತಿಂದ ಜಿಲ್ಲೆಗಳಲ್ಲಿ ಮಾಂಗೋಚಿಯೂ ಒಂದು.

ಆಗ ನಮ್ಮ ದಿನಚರಿಯೇ ಬದಲಾಯಿತು. ಕೇಂದ್ರದ ಹಿಂದೆ ಡೇರೆ ಹಾಕಿದೆವು. ನಡುವೆ ತೂತು ಇರುವ ಮಂಚ, ಕೆಳಗೆ ಬಕೆಟ್. ಕೈ ತೊಳೆಯಲು ತೆಳು ಕ್ಲೋರಿನ್ ನೀರು, ನೆಲಕ್ಕೆ ಅದಕ್ಕಿಂತ ಗಟ್ಟಿಯದು, ಬಕೆಟ್ಟಿಗೆ ಎಲ್ಲಕ್ಕಿಂತ ಗಟ್ಟಿಯದು. ಕೈಯ ಚರ್ಮ ಸುಲಿಯಿತು. ತೀರಾ ಸುಸ್ತಾಗಿ ಬಂದವರಿಗೆ ಡ್ರಿಪ್, ಕುಡಿಯುವ ಶಕ್ತಿ ಇದ್ದವರಿಗೆ ಓ.ಆರ್.ಎಸ್. ಜೀವಶಾಸ್ತ್ರ ಓದುವವರಿಗೆ ಇದರ ಗುಟ್ಟು ಗೊತ್ತಿರಬಹುದು: ಸಣ್ಣ ಕರುಳು ಸಕ್ಕರೆಯ ಜೊತೆ ಉಪ್ಪನ್ನೂ ಒಳಗೆ ಎಳೆದುಕೊಳ್ಳುತ್ತದೆ, ಅವುಗಳ ಹಿಂದೆ ನೀರು ಹೋಗುತ್ತದೆ. 1971ರ ಬಾಂಗ್ಲಾ ಯುದ್ಧದ ವೇಳೆ ಪಶ್ಚಿಮ ಬಂಗಾಳದ ಬನಗಾಂವ್ ನಿರಾಶ್ರಿತರ ಶಿಬಿರದಲ್ಲಿ ಡಾ. ದಿಲೀಪ್ ಮಹಲನಬಿಸ್ ಇದನ್ನೇ ಡ್ರಮ್ಮುಗಳಲ್ಲಿ ಕಲಸಿ ಕುಡಿಸಿದರು. ಶೇಕಡ 30ರ ಹತ್ತಿರವಿದ್ದ ಸಾವು 4ಕ್ಕಿಂತ ಕೆಳಗೆ ಇಳಿಯಿತು. ನಾನು ಮಲಾವಿಗೆ ಹೋದ ಆ ಅಕ್ಟೋಬರ್‌ನಲ್ಲೇ ಅವರು ತೀರಿಕೊಂಡರು. ಡೇರೆಯಲ್ಲಿ ಪೊಟ್ಟಣ ಹರಿಯುವಾಗಲೆಲ್ಲ ಅವರ ನೆನಪಾಗುತ್ತಿತ್ತು.

ಮಾರ್ಚ್‌ನಲ್ಲಿ ಫ್ರೆಡ್ಡಿ ಚಂಡಮಾರುತ ಬಂತು. ದಕ್ಷಿಣ ಮಲಾವಿಯಲ್ಲಿ ಸಾವಿರಕ್ಕೂ ಹೆಚ್ಚು ಜನ ಸತ್ತರು ಅಥವಾ ಕಾಣೆಯಾದರು. ಅದರ ಹಿಂದೆಯೇ, ತಿಂಗಳ ಕೊನೆಗೆ ರಂಜಾನ್. ಡೇರೆಯಲ್ಲಿ ಹೊಸ ಕಷ್ಟ ಎದುರಾಯಿತು. ಒಂದು ಮಧ್ಯಾಹ್ನ ಅರವತ್ತು ದಾಟಿದ ಅಜ್ಜಿಯೊಬ್ಬರನ್ನು ಮಗಳು ಕರೆತಂದಳು. ಕಣ್ಣು ಒಳಗೆ ಹೋಗಿತ್ತು. ಚರ್ಮ ಎಳೆದು ಬಿಟ್ಟರೆ ನಿಧಾನವಾಗಿ ಇಳಿಯುತ್ತಿತ್ತು. ಇನ್ನೂ ಕುಡಿಯುವ ಸ್ಥಿತಿಯಲ್ಲಿದ್ದರು, ಆದರೆ ಲೋಟ ಮುಟ್ಟಲಿಲ್ಲ. ಉಪವಾಸ ಇದ್ದೇನೆ, ಸೂರ್ಯ ಮುಳುಗಲಿ ಎಂದರು. ಮುಳುಗಲು ಇನ್ನೂ ನಾಲ್ಕು ಗಂಟೆ ಇತ್ತು. ಕಾಲರಾಕ್ಕೆ ಅಷ್ಟು ಹೊತ್ತು ಬೇಕಾಗಿಲ್ಲ.

ರೋಗಿಗೆ ಉಪವಾಸದಿಂದ ವಿನಾಯಿತಿ ಇದೆ, ಗುಣವಾದ ಮೇಲೆ ಆ ದಿನಗಳನ್ನು ತುಂಬಿಸಿಕೊಳ್ಳಬಹುದು ಎಂದು ನಾವೆಲ್ಲ ಮದರಸದಲ್ಲಿ ಕಲಿತದ್ದೇ. ಆದರೆ ಇಪ್ಪತ್ತೇಳು ವರ್ಷದ ವಿದೇಶಿ ಹುಡುಗಿ ಅರೆಬರೆ ಚಿಚೇವಾದಲ್ಲಿ ಅದನ್ನು ಹೇಳಿದರೆ ಅಜ್ಜಿ ಕೇಳಬೇಕೇಕೆ? ಕೇಳಿದ್ದು ಅವರ ಮಗಳು. ಅವಳು ಬೋರ್‌ವೆಲ್ ಸಾಲಿನಲ್ಲಿ ದಿನವೂ ನನ್ನ ಹಿಂದೆ ನಿಲ್ಲುತ್ತಿದ್ದವಳು. "ಇವಳೂ ನಮ್ಮಂತೆ ಉಪವಾಸ ಇದ್ದಾಳೆ" ಎಂದು ತಾಯಿಗೆ ಹೇಳಿ, ಚಿಟೆಂಜೆ ಬಟ್ಟೆಯನ್ನು ಬಿಗಿದು ಕಟ್ಟಿಕೊಂಡು ಮಸೀದಿಗೆ ಓಡಿದಳು. ಶೇಖ್ ಸೈಕಲ್ಲಿನಲ್ಲಿ ಬಂದರು. ಡೇರೆಯ ಬಾಗಿಲಲ್ಲಿ ಚಪ್ಪಲಿಯ ಅಡಿಯನ್ನು ಕ್ಲೋರಿನ್ ನೀರಿಗೆ ಅದ್ದಿ ಒಳಗೆ ಬಂದು, ಮೊದಲು ಅಜ್ಜಿಯ ಮನೆಯವರ ಕ್ಷೇಮವನ್ನೆಲ್ಲ ಕೇಳಿದರು. ನನಗೆ ಒಂದೊಂದು ನಿಮಿಷವೂ ಭಾರವಾಗಿತ್ತು. ಆಮೇಲೆ, ಜೀವ ಉಳಿಸಿಕೊಳ್ಳುವುದು ಈಗ ನಿಮ್ಮ ಮೇಲಿರುವ ಕರ್ತವ್ಯ ಎಂದು ಹೇಳಿ ಲೋಟವನ್ನು ತಾವೇ ಎತ್ತಿ ಕೊಟ್ಟರು. ಅಜ್ಜಿ ಕುಡಿದರು. ಮೂರನೆಯ ದಿನ ನಡೆದುಕೊಂಡು ಮನೆಗೆ ಹೋದರು. ಆ ರಾತ್ರಿ ತರಾವೀಹ್ ನಮಾಜಿನ ನಂತರ ಶೇಖ್ ಈ ವಿಷಯವನ್ನು ಮಸೀದಿಯಲ್ಲಿ ಎಲ್ಲರಿಗೂ ಹೇಳಿದರು. ಆಮೇಲೆ ಡೇರೆಯಲ್ಲಿ ಆ ಮಾತು ಮತ್ತೆ ಎದ್ದಿದ್ದು ಕಡಿಮೆ.

ಎಲ್ಲರೂ ಉಳಿಯಲಿಲ್ಲ. ಅದೇ ವಾರ ರಾತ್ರಿ ದೋಣಿಯಲ್ಲಿ ತಂದ ಮೀನುಗಾರನೊಬ್ಬನಿಗೆ ಸೂಜಿ ಹಾಕಲು ನರ ಸಿಗುವ ಹೊತ್ತಿಗೆ ಉಸಿರು ನಿಂತಿತ್ತು. ಅವನ ಅಣ್ಣನಿಗೆ ಏನು ಹೇಳಬೇಕೆಂದು ನನಗೆ ಯಾವ ಭಾಷೆಯಲ್ಲೂ ಗೊತ್ತಿರಲಿಲ್ಲ. ಪೆಪಾನಿ ಎಂದೆ. ಅವನೂ ನನಗೆ ಪೆಪಾನಿ ಎಂದ.

ಅಲ್ಲಿಗೂ ನಮ್ಮೂರಿಗೂ ಮೂರೂವರೆ ಗಂಟೆಯ ಅಂತರ. ನಾನು ಇಫ್ತಾರ್ ಮುಗಿಸಿ ಫೋನ್ ಮಾಡುವಾಗ ಉಮ್ಮ ನಿದ್ದೆ ತಡೆದುಕೊಂಡು ಕಾದಿರುತ್ತಿದ್ದರು. ಒಂದು ದಿನ ಕೇಳಿದರು, "ನಮ್ಮ ಊರಲ್ಲಿ ರೋಗಿಗಳು ಇಲ್ವಾ ಮಗಳೇ? ಅಷ್ಟು ದೂರವೇ ಹೋಗಬೇಕಿತ್ತಾ?" ಆ ಪ್ರಶ್ನೆ ಸಣ್ಣದಲ್ಲ. ನಾನಿಲ್ಲದಿದ್ದರೂ ಆ ಡೇರೆ ನಡೆಯುತ್ತಿತ್ತು. ಅಲ್ಲಿಯ ನರ್ಸ್‌ಗಳು, ಸೈಕಲ್ಲಿನ ಆ ಸಹಾಯಕರು ನಾನು ಬಂದ ಮೇಲೂ ಅಲ್ಲೇ ಇದ್ದಾರೆ, ಅದೇ ಕೆಲಸ ಮಾಡುತ್ತಿದ್ದಾರೆ. ಕೈ ಸಾಲದಿದ್ದ ಆ ತಿಂಗಳುಗಳಲ್ಲಿ ಒಂದು ಜೊತೆ ಕೈ ಹೆಚ್ಚಿಗೆ ಇತ್ತು, ಅಷ್ಟೇ. ಅದು ಕಡಿಮೆಯೇನೂ ಅಲ್ಲ, ಆದರೆ ಅದಕ್ಕಿಂತ ಹೆಚ್ಚೆಂದು ಹೇಳಿಕೊಳ್ಳುವಂತೆಯೂ ಇಲ್ಲ. ಉಮ್ಮನಿಗೂ ಹಾಗೇ ಹೇಳಿದೆ.

ಈಗ ಊರಿನ ಆಸ್ಪತ್ರೆಯಲ್ಲಿದ್ದೇನೆ. ಕಟ್ಟಡ ಕೆಲಸಕ್ಕೆ ಉತ್ತರ ಕರ್ನಾಟಕದಿಂದ, ಒಡಿಶಾದಿಂದ, ಅಸ್ಸಾಮಿನಿಂದ ಬಂದವರು ನಮ್ಮ ವಾರ್ಡಿಗೆ ಬರುತ್ತಾರೆ. ಭಾಷೆ ಬಾರದೆ ಬಾಗಿಲಲ್ಲಿ ನಿಂತುಬಿಡುತ್ತಾರೆ. ಕೇಸ್ ಪೇಪರ್ ಕೇಳುವ ಮೊದಲು ಊರು ಯಾವುದು, ಊಟ ಆಯಿತೇ ಎಂದು ಅವರ ಭಾಷೆಯ ಎರಡು ಪದ ಹುಡುಕಿ ಕೇಳುತ್ತೇನೆ. ಅರ್ಧ ನಿಮಿಷ ಹೆಚ್ಚು ಬೇಕಾಗುತ್ತದೆ. ಆಮೇಲೆ ಅವರು ಹೇಳುವ ಲಕ್ಷಣಗಳು ಸರಿಯಾಗಿರುತ್ತವೆ.

ಹೊರದೇಶದಲ್ಲಿ ಸೇವೆ ಮಾಡುವ ಆಸೆ ಇರುವ ವಿದ್ಯಾರ್ಥಿಗಳಿಗೆ ಕೆಲವು ಮಾತು. ಮೊದಲು ಓದು ಮುಗಿಸಿ, ಎರಡು ಮೂರು ವರ್ಷವಾದರೂ ಇಲ್ಲಿ ಕೆಲಸ ಮಾಡಿ. ಕೈ ಪಳಗದವರು ಅಲ್ಲಿ ಹೊರೆಯಾಗುತ್ತಾರೆ. ಆ ದೇಶದ ಕೌನ್ಸಿಲ್‌ನ ನೋಂದಣಿ ಇಲ್ಲದೆ ರೋಗಿಯನ್ನು ಮುಟ್ಟಬೇಡಿ. ಲಸಿಕೆ, ಮಲೇರಿಯಾ ತಡೆಯುವ ಮಾತ್ರೆ, ಸೊಳ್ಳೆಪರದೆ ಯಾವುದನ್ನೂ ಬಿಡಬೇಡಿ. ಸಂಸ್ಥೆಯ ಬಗ್ಗೆ ಹಿಂದೆ ಹೋಗಿ ಬಂದವರ ಹತ್ತಿರ ವಿಚಾರಿಸಿ. ಕೆಲಸಕ್ಕೆ ಸೇರಿಸುತ್ತೇವೆ ಎಂದು ನಿಮ್ಮಿಂದಲೇ ದೊಡ್ಡ ಮೊತ್ತ ಕೇಳಿದರೆ ಎರಡು ಸಲ ಯೋಚಿಸಿ. ಹೋಗುವ ಮೊದಲು ಅಲ್ಲಿಯ ಭಾಷೆಯ ನೂರು ಪದ ಕಲಿಯಿರಿ. ಅವುಗಳಲ್ಲಿ ಮೊದಲ ಹತ್ತು ಕ್ಷೇಮ ಕೇಳುವ ಪದಗಳಾಗಿರಲಿ. ಇನ್ನೇನಾದರೂ ಕೇಳುವುದಿದ್ದರೆ ಕಾಲೇಜು ಕಚೇರಿಯಲ್ಲಿ ನನ್ನ ನಂಬರ್ ಕೊಟ್ಟಿದ್ದೇನೆ. ಸಂಜೆ ಆರರ ಮೇಲೆ ಫೋನ್ ಮಾಡಿ.